ಬೆಲೆ ಹೆಚ್ಚಾದರೆ ಇಂಪು ಹೆಚ್ಚೇ?

ಸಂಗೀತವನ್ನು ಮನೆಮನೆಗೆ ತಲುಪಿಸುವ ಕಾರ್ಯದಲ್ಲಿ ನಮ್ಮ ಮುಂಬಯಿ ನಗರವು ಮೊದಲಿನಿಂದಲೂ ಮುಂದಾಗಿ ನಿಂತಿದೆ. ೧೯೨೭ನೆಯ ಇಸವಿ ಜುಲೈ ೨೩ರಂದು ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿಯ ಬಾನುಲಿ ಕೇಂದ್ರವು ಆರಂಭವಾದುದು ಈ ನಗರದಲ್ಲಿ. ನಮ್ಮ ಗಂಗೂಬಾಯಿ ಹಾನಗಲ್ಲರು ೧೯೩೦ರ ದಶಕದಲ್ಲಿ ಗ್ರಾಮಫೋನ್ ತಟ್ಟೆಗಳಿಗಾಗಿ ಹಾಡಿದುದೂ ಈ ನಗರದಲ್ಲಿಯೇ. ಆ ಬಳಿಕ ದೊಡ್ಡ ತಟ್ಟೆಗಳು ಬಂದವು, ಕ್ಯಾಸೆಟ್ಟುಗಳು ಬಂದವು, ೧೯೮೨ರಲ್ಲಿ ಜಗತ್ತಿನ ಪೇಟೆಗೆ ಬಂದ ಸೀಡಿಯೂ ಕ್ರಮೇಣ ಇಲ್ಲಿ ಮನೆಮಾತಾಯಿತು. ಇವೆಲ್ಲವನ್ನೂ ತಲೆಮಾರುಗಳ ಕಾಲ ಮಾರಿದ ಕಾಲಾ ಘೋಡಾದ ರಿದಂ ಹೌಸ್ ಎಂಬ ಪ್ರಖ್ಯಾತ ಅಂಗಡಿಯು ೨೦೧೬ರ ಫೆಬ್ರವರಿಯ ಕೊನೆಯಲ್ಲಿ ಬಾಗಿಲು ಮುಚ್ಚಿತು. ಸಂಗೀತವು ಅಂಗಡಿಯ ಕಪಾಟನ್ನು ಬಿಟ್ಟು ಇಂಟರ್‌ನೆಟ್ಟಿನ ತಂತಿಯನ್ನು ಹಿಡಿದಿತ್ತು.

ಹೀಗೆ ಹರಿದು ಬರುವ ಸಂಗೀತವನ್ನು ಬರಮಾಡಿಕೊಂಡು ಮನೆಯ ಆಂಪ್ಲಿಫೈಯರಿಗೂ ಸ್ಪೀಕರುಗಳಿಗೂ ಒಪ್ಪಿಸುವ ಪೆಟ್ಟಿಗೆಗೆ ‘ಸ್ಟ್ರೀಮರ್’ ಎಂದು ಹೆಸರು. ಈ ಪೆಟ್ಟಿಗೆಯ ಬೆಲೆಯಲ್ಲಿರುವ ಅಂತರವು ವಿಸ್ಮಯಕಾರಿಯಾದುದು. ಕೆಲವು ಸಾವಿರ ರೂಪಾಯಿಗಳಿಗೆ ದೊರೆಯುವುದೂ ಸ್ಟ್ರೀಮರೇ. ಹಲವು ಲಕ್ಷ ರೂಪಾಯಿಗಳನ್ನು ತೆತ್ತು ತರುವುದೂ ಸ್ಟ್ರೀಮರೇ. ಎರಡನೆಯದನ್ನು ಮಾರುವವರು, ಅದರಿಂದ ಹಾಡಿನ ಮೇಲಿನ ತೆರೆ ಸರಿದಂತಾಗುವುದೆಂದೂ ಗಾಯಕನು ಎದುರಿಗೇ ಕುಳಿತಂತಾಗುವುದೆಂದೂ ಹೇಳುತ್ತಾರೆ. ಈ ಮಾತು ನಿಜವೆ? ನಮ್ಮ ಶಾಲೆಯ ಎಷ್ಟೋ ಮನೆಗಳಲ್ಲಿ ಅಷ್ಟು ಹಣವೆಂದರೆ ಒಂದು ವರ್ಷದ ಸಂಪಾದನೆ. ಇಂದಲ್ಲ ನಾಳೆ ನಮ್ಮ ವಿದ್ಯಾರ್ಥಿ ಮಿತ್ರರೇ ಸಂಪಾದಿಸಿ, ಮನೆಗೆ ಒಂದು ಸಂಗೀತ ಸಾಧನವನ್ನು ತರುವವರು. ಆದುದರಿಂದ ಈ ಪ್ರಶ್ನೆಯನ್ನು ಸ್ವಲ್ಪ ಕೂಲಂಕಷವಾಗಿ ವಿಚಾರಿಸುವುದು ಯೋಗ್ಯವೆಂದು ನಾವು ಭಾವಿಸುತ್ತೇವೆ.

ಮೊದಲು ಸ್ಟ್ರೀಮರು ಮಾಡುವ ಕೆಲಸವೇನೆಂಬುದನ್ನು ನೋಡೋಣ. ಮುಂಬಯಿಯ ಡಬ್ಬಾವಾಲಾರನ್ನು ಅರಿಯದವರು ನಮ್ಮಲ್ಲಿ ಯಾರೂ ಇರಲಾರರು. ಉಪನಗರದ ಮನೆಯಲ್ಲಿ ಕಟ್ಟಿದ ಬುತ್ತಿಯು, ಡಬ್ಬಿಯ ಮೇಲೆ ಬರೆದ ಗುರುತುಗಳ ಆಧಾರದಿಂದ ಕೈಯಿಂದ ಕೈಗೆ ದಾಟಿ, ರೈಲುಗಾಡಿಯಲ್ಲಿ ಸಾಗಿ, ಮಧ್ಯಾಹ್ನಕ್ಕೆ ಫೋರ್ಟಿನ ಕಚೇರಿಯನ್ನು ಸೇರುತ್ತದೆ. ಹುಳಿಗೆ ಉಪ್ಪು ಹೆಚ್ಚಾಯಿತೋ ಕಡಿಮೆಯಾಯಿತೋ ಎಂಬುದು ಅಡಿಗೆಮನೆಯಲ್ಲಿಯೇ ನಿಶ್ಚಯವಾಗಿ ಹೋಗಿರುತ್ತದೆ. ಹೊತ್ತು ತಂದವನು ರೇಶಿಮೆಯ ರುಮಾಲು ಸುತ್ತಿದ ಮಾತ್ರಕ್ಕೆ ಹುಳಿಯ ರುಚಿ ಹೆಚ್ಚುವುದಿಲ್ಲ.

ಸ್ಟ್ರೀಮರಿನ ಕೆಲಸವೂ ಬಹುಮಟ್ಟಿಗೆ ಇಂತಹುದೇ. ಸಂಗೀತವು ಇಂಟರ್‌ನೆಟ್ಟಿನಲ್ಲಿ ನಾದರೂಪವಾಗಿ ಬರುವುದಿಲ್ಲ, ಅಂಕಿಗಳ ರೂಪವಾಗಿ ಬರುತ್ತದೆ. ಆ ಅಂಕಿಗಳನ್ನು ಸಣ್ಣಸಣ್ಣ ಕಟ್ಟುಗಳನ್ನಾಗಿ ಮಾಡಿ, ಪ್ರತಿಯೊಂದು ಕಟ್ಟಿಗೂ ಕ್ರಮಸಂಖ್ಯೆಯನ್ನೂ ತಪ್ಪು ಕಂಡುಹಿಡಿಯುವ ಒಂದು ಗುರುತನ್ನೂ ಹಚ್ಚಿ ಕಳಿಸುತ್ತಾರೆ. ದಾರಿಯಲ್ಲಿ ಒಂದು ಕಟ್ಟು ಕಳೆದರೆ ಅಥವಾ ಕೆಟ್ಟರೆ ಸ್ಟ್ರೀಮರು ಅದನ್ನು ಮರಳಿ ತರಿಸಿಕೊಳ್ಳುತ್ತದೆ. ಬಂದ ಕಟ್ಟುಗಳನ್ನು ತನ್ನ ಸ್ಮೃತಿಕೋಶದಲ್ಲಿ ಸ್ವಲ್ಪ ಕಾಲ ಕೂಡಿಟ್ಟು, ಅನಂತರ ಒಂದು ಗಡಿಯಾರದ ತಾಳಕ್ಕೆ ಸರಿಯಾಗಿ ಹೊರಗೆ ಬಿಡುತ್ತದೆ. ಡಬ್ಬಿಗಳು ಯಾವ ಯಾವ ರೈಲಿನಲ್ಲಿ ಬಂದರೂ ಊಟವು ಒಂದು ಗಂಟೆಗೇ ಆಗುವಂತೆ, ಕಟ್ಟುಗಳು ಹಿಂದುಮುಂದಾಗಿ ಬಂದರೂ ಸಂಗೀತವು ಲಯ ತಪ್ಪುವುದಿಲ್ಲ. ಇಂಟರ್‌ನೆಟ್ಟಿನ ವೇಗ ತೀರ ಕಡಿಮೆಯಾದಾಗ ಹಾಡು ತಡೆದು ನಿಲ್ಲುತ್ತದೆ. ಅದನ್ನು ಯಾವ ಕಿವಿಯೂ ಗುರುತಿಸೀತು. ಆದರೆ ಹಾಡು ನಿಲ್ಲದೆ ಬರುತ್ತಿರುವಾಗ, ಅಗ್ಗದ ಪೆಟ್ಟಿಗೆಯಲ್ಲಿ ಅದೇ ಅಂಕಿಗಳು ಮಂಕಾಗಿಯೂ ದುಬಾರಿ ಪೆಟ್ಟಿಗೆಯಲ್ಲಿ ಥಳಥಳಿಸುತ್ತಲೂ ಬರುವುದೆಂಬುದಕ್ಕೆ ಆಸ್ಪದವಿಲ್ಲ. ಏಳೆಂಬ ಅಂಕಿಯು ಯಾರ ಕೈಯಲ್ಲಿದ್ದರೂ ಏಳೇ.

ಇನ್ನು ಈ ಅಂಕಿಗಳು ನಾದವನ್ನು ಎಷ್ಟು ನಿಷ್ಠೆಯಿಂದ ಹಿಡಿದಿಡುತ್ತವೆ ಎಂಬ ಪ್ರಶ್ನೆ ಬರುತ್ತದೆ. ಸೀಡಿಯ ಪದ್ಧತಿಯಲ್ಲಿ ನಾದದ ಅಲೆಯನ್ನು ಸೆಕೆಂಡಿಗೆ ೪೪,೧೦೦ ಸಲ ಅಳೆಯುತ್ತಾರೆ. ಒಂದೊಂದು ಅಳತೆಯನ್ನೂ ೧೬ ಬಿಟ್‌ಗಳಲ್ಲಿ ಬರೆಯುತ್ತಾರೆ; ಎಡಕ್ಕೊಂದು, ಬಲಕ್ಕೊಂದು ಎಂದು ಎರಡು ವಾಹಿನಿಗಳು. ಗುಣಿಸಿ ನೋಡಿದರೆ ಸೆಕೆಂಡಿಗೆ ೧೪,೧೧,೨೦೦ ಬಿಟ್‌ಗಳಾಗುತ್ತವೆ. ‘ಅಳತೆ ಅಳತೆಗಳ ನಡುವೆ ಸಂದು ಉಳಿಯಿತಲ್ಲ, ಆ ಸಂದಿನಲ್ಲಿದ್ದ ಸಂಗೀತವು ಕಳೆದುಹೋಗಲಿಲ್ಲವೆ?’ ಎಂದು ಕೆಲವರು ಕೇಳುವುದುಂಟು. ನಮ್ಮ ರೇಖಾಗಣಿತದ ಪಾಠವನ್ನು ಸ್ಮರಿಸಿಕೊಂಡರೆ ಉತ್ತರ ಸುಲಭ. ಒಂದೇ ಸರಳರೇಖೆಯಲ್ಲಿಲ್ಲದ ಮೂರು ಬಿಂದುಗಳನ್ನು ಕೊಟ್ಟರೆ ಅವುಗಳ ಮೂಲಕ ಒಂದೇ ಒಂದು ವೃತ್ತವನ್ನು ಎಳೆಯಬಹುದು. ಉಳಿದ ಬಿಂದುಗಳನ್ನು ಯಾರೂ ಬರೆದಿಡಬೇಕಾಗಿಲ್ಲ. ಅದೇ ರೀತಿ, ನಾದದಲ್ಲಿರುವ ಅತ್ಯಂತ ಏರಿದ ಕಂಪನಸಂಖ್ಯೆಯ ಇಮ್ಮಡಿಗಿಂತ ಹೆಚ್ಚು ಸಲ ಅಳೆದರೆ ಆ ಅಳತೆಗಳ ಮೂಲಕ ಹಾಯುವ ಅಲೆ ಒಂದೇ ಒಂದು ಎಂಬುದನ್ನು ಅಮೆರಿಕದ ಗಣಿತಜ್ಞ ಕ್ಲಾಡ್ ಶಾನನ್ ೧೯೪೯ರ ತನ್ನ ಪ್ರಬಂಧದಲ್ಲಿ ಸಿದ್ಧಪಡಿಸಿ ತೋರಿಸಿದನು. ಎಳೆಯರ ಚುರುಕು ಕಿವಿಗೆ ಕೇಳಿಸುವುದು ಸೆಕೆಂಡಿಗೆ ಸುಮಾರು ೨೦,೦೦೦ ಕಂಪನಗಳವರೆಗೆ. ವಯಸ್ಸು ಏರಿದಂತೆ ಈ ಮಿತಿ ಇಳಿಯುತ್ತದೆ. ಇಪ್ಪತ್ತು ಸಾವಿರದ ಇಮ್ಮಡಿ ನಲವತ್ತು ಸಾವಿರ. ಸೀಡಿಯ ಅಳತೆ ಅದನ್ನು ಮೀರಿಯೇ ಇದೆ.

ಬೆಲೆಯುಳ್ಳ ಯಂತ್ರಗಳ ಪ್ರಚಾರದಲ್ಲಿ ೧,೯೨,೦೦೦ ಅಳತೆ, ೨೪ ಬಿಟ್ ಎಂಬ ದೊಡ್ಡ ದೊಡ್ಡ ಸಂಖ್ಯೆಗಳು ಕಾಣಿಸುತ್ತವೆ. ಅವುಗಳಿಂದ ಕಿವಿಗೆ ಲಾಭವಿದೆಯೆ ಎಂದು ಪರೀಕ್ಷಿಸಿದವರಿದ್ದಾರೆ. ಅಮೆರಿಕದ ಮೇಯರ್ ಮತ್ತು ಮೊರನ್ ಎಂಬಿಬ್ಬರು ೨೦೦೭ರಲ್ಲಿ ಇಂತಹ ಒಂದು ಪರೀಕ್ಷೆಯ ಫಲವನ್ನು ಪ್ರಕಟಿಸಿದರು. ಉನ್ನತ ದರ್ಜೆಯ ಧ್ವನಿಮುದ್ರಣವನ್ನು ಒಮ್ಮೆ ನೇರವಾಗಿಯೂ ಮತ್ತೊಮ್ಮೆ ಸೀಡಿಯ ಮಟ್ಟಕ್ಕೆ ಇಳಿಸಿಯೂ ಕೇಳಿಸಿ, ಯಾವುದು ಯಾವುದೆಂದು ಹೇಳಿರೆಂದು ಕೇಳಿದರು. ೫೫೪ ಸಲ ಕೇಳಿದುದರಲ್ಲಿ ಸರಿಯುತ್ತರ ಬಂದುದು ೨೭೬ ಸಲ. ನಾಣ್ಯವನ್ನು ಚಿಮ್ಮಿ ಉತ್ತರ ಹೇಳಿದ್ದರೂ ಫಲವು ಇಷ್ಟೇ ಆಗುತ್ತಿತ್ತು. ೨೦೧೬ರಲ್ಲಿ ಲಂಡನ್ನಿನ ಜೋಶುವಾ ರೈಸ್ ಎಂಬ ವಿದ್ವಾಂಸನು ಇಂತಹ ೧೮ ಪ್ರಯೋಗಗಳ ಫಲಗಳನ್ನು ಒಟ್ಟುಗೂಡಿಸಿದಾಗ, ಸರಿಯುತ್ತರಗಳು ನೂರಕ್ಕೆ ಸುಮಾರು ೫೨ ಆದವು. ಅಂದರೆ ಭೇದವು ಇಲ್ಲವೇ ಇಲ್ಲವೆಂದು ಹಟ ಹಿಡಿಯಲಾಗದಿದ್ದರೂ, ಇದ್ದರೆ ಅದು ಕೂದಲೆಳೆಯಷ್ಟು ಸೂಕ್ಷ್ಮವಾದುದು. ಅದಕ್ಕಾಗಿ ಲಕ್ಷಗಟ್ಟಲೆ ಹಣವನ್ನು ಸುರಿಯುವುದು ಮೂಗಿಗಿಂತ ಮೂಗುತಿ ಭಾರವೆಂಬ ಗಾದೆಗೆ ಉದಾಹರಣೆಯಾದೀತು.

ಹಾಗಾದರೆ ಪೆಟ್ಟಿಗೆ ಪೆಟ್ಟಿಗೆಗಳಲ್ಲಿ ಭೇದವೇ ಇಲ್ಲವೆ? ಇದೆ, ನ್ಯಾಯವಾಗಿ ಅದನ್ನೂ ಹೇಳತಕ್ಕದ್ದು. ಅಂಕಿಗಳನ್ನು ವಿದ್ಯುತ್ತಿನ ಅಲೆಯನ್ನಾಗಿ ಪರಿವರ್ತಿಸುವ ‘ಡ್ಯಾಕ್’ ಎಂಬ ಭಾಗವು ಅನೇಕ ಸ್ಟ್ರೀಮರುಗಳ ಒಳಗೇ ಇರುತ್ತದೆ. ಅದನ್ನು ಕೆಟ್ಟದಾಗಿ ರಚಿಸಿದ್ದರೆ ಗುಂಯ್‌ಗುಟ್ಟುವಿಕೆ, ಸರಸರ ಸದ್ದು ಮುಂತಾದ ದೋಷಗಳು ಕೇಳಿಸಬಹುದು. ಆದರೆ ಈ ವಿದ್ಯೆಯು ಈಗ ಬಹಳ ಮುಂದುವರಿದಿರುವುದರಿಂದ, ಕಿವಿಗೆ ದೋಷ ತೋರದಂತಹ ಡ್ಯಾಕನ್ನು ಸಾಧಾರಣ ಬೆಲೆಗೇ ತಯಾರಿಸುತ್ತಾರೆ. ಮತ್ತೊಂದು ಯಂತ್ರದಿಂದ ವಿದ್ಯುತ್ತಿನ ಗಲಿಬಿಲಿ ಹಾದುಬರುವುದೆಂಬ ಸಂಶಯವಿದ್ದರೆ, ಬೆಳಕಿನ ಮೂಲಕ ಅಂಕಿಗಳನ್ನು ಸಾಗಿಸುವ ಆಪ್ಟಿಕಲ್ ಕೇಬಲನ್ನು ಬಳಸಿದರೆ ಸಾಕು. ಇನ್ನೊಂದು ಮಾತು: ಕಳಿಸುವ ಕಡೆಯಲ್ಲಿಯೇ ಅಂಕಿಗಳನ್ನು ವಿಪರೀತವಾಗಿ ಕುಗ್ಗಿಸಿ ಕಳಿಸಿದ್ದರೆ ಆ ನಷ್ಟವು ಕೇಳಿಸುತ್ತದೆ, ಆದರೆ ಅದನ್ನು ಎಷ್ಟು ಬೆಲೆಯ ಸ್ಟ್ರೀಮರೂ ತುಂಬಿಕೊಡಲಾರದು. ಬಡಿಸದೆ ಬಿಟ್ಟ ಪಲ್ಯವನ್ನು ಡಬ್ಬಾವಾಲಾ ಎಲ್ಲಿಂದ ತಂದಾನು? ಆಗ ಮಾಡಬೇಕಾದುದು ಸಂಗೀತ ಸೇವೆಯ ಗುಣಮಟ್ಟವನ್ನು ಏರಿಸಿಕೊಳ್ಳುವುದು.

ಆದರೂ ಕೆಲವರು, ‘ನಾವು ಕಿವಿಯಾರೆ ಕೇಳಿದ್ದೇವೆ, ದುಬಾರಿ ಯಂತ್ರವೇ ಉತ್ತಮ’ ಎಂದು ಪ್ರಾಮಾಣಿಕವಾಗಿಯೇ ಹೇಳುತ್ತಾರೆ. ಅವರು ಸುಳ್ಳಾಡುವರೆಂದು ನಾವು ಹೇಳುವುದಿಲ್ಲ. ಮನುಷ್ಯನು ಬರಿಯ ಕಿವಿಯಿಂದ ಕೇಳುವುದಿಲ್ಲ. ಕಣ್ಣಿನಿಂದಲೂ, ತೆತ್ತ ಹಣದ ನೆನಪಿನಿಂದಲೂ ಕೇಳುತ್ತಾನೆ. ಎರಡು ಯಂತ್ರಗಳಲ್ಲಿ ಒಂದು ಸ್ವಲ್ಪವೇ ಗಟ್ಟಿಯಾಗಿ ನುಡಿದರೂ ಅದೇ ಹೆಚ್ಚು ಸೊಗಸೆಂದು ತೋರುವುದು ಸಾಮಾನ್ಯ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡಬೇಕೆಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ಪ್ರಮಾಣಿಸುವ ವಿಧಾನವು ನಮ್ಮ ವಿದ್ಯಾರ್ಥಿಗಳಿಂದಲೂ ಆಗತಕ್ಕಂತಹುದು. ಎರಡೂ ಯಂತ್ರಗಳನ್ನು ಒಂದೇ ಆಂಪ್ಲಿಫೈಯರಿಗೆ ಜೋಡಿಸಿ, ಅಳತೆಯ ಉಪಕರಣದಿಂದ ಎರಡರ ಗಟ್ಟಿತನವನ್ನೂ ಸಮಮಾಡಿರಿ. ಯಂತ್ರಗಳ ಮೇಲೆ ಬಟ್ಟೆಯನ್ನು ಮುಚ್ಚಿರಿ. ಒಬ್ಬನು ಬೇರೆಡೆ ಕುಳಿತು ನಾಣ್ಯವನ್ನು ಚಿಮ್ಮಿ, ಅದು ಬಿದ್ದಂತೆ ಒಂದು ಯಂತ್ರವನ್ನು ನುಡಿಸಲಿ. ಕೇಳುವವನು ತನ್ನ ಉತ್ತರವನ್ನು ಪುಸ್ತಕದಲ್ಲಿ ಬರೆಯಲಿ. ಹೀಗೆ ೧೬ ಸಲ ನಡೆಯಲಿ. ಬರಿಯ ಊಹೆಯಿಂದಲೇ ಸುಮಾರು ೮ ಉತ್ತರಗಳು ಸರಿಯಾಗುತ್ತವೆ. ಊಹೆಯಿಂದ ೧೨ ಅಥವಾ ಅದಕ್ಕಿಂತ ಹೆಚ್ಚು ಸರಿಯಾಗುವ ಸಂಭವವು ನೂರಕ್ಕೆ ಸುಮಾರು ೪ ಮಾತ್ರ. ಆದುದರಿಂದ ೧೨ನ್ನು ಮುಟ್ಟಿದವನ ಮಾತನ್ನು ಗೌರವದಿಂದ ಕೇಳಿ, ಪರೀಕ್ಷೆಯನ್ನು ಮತ್ತೊಮ್ಮೆ ನಡೆಸಬೇಕು. ೮–೯ರಲ್ಲಿಯೇ ನಿಂತರೆ ಹಣವನ್ನು ಕಿಸೆಯಲ್ಲಿಯೇ ಇಟ್ಟುಕೊಳ್ಳಬೇಕು.

ಹಾಗಾದರೆ ಇಂಪನ್ನು ನಿರ್ಣಯಿಸುವುದು ಯಾವುದು? ಸ್ಪೀಕರು ಮತ್ತು ಅದನ್ನಿಟ್ಟ ಕೋಣೆ. ವಿದ್ಯುತ್ತಿನ ಅಲೆಯು ಗಾಳಿಯ ಅಲೆಯಾಗುವುದು ಸ್ಪೀಕರಿನಲ್ಲಿ. ಕಾಗದವೋ ಬಟ್ಟೆಯೋ ಲೋಹವೋ ಆದ ಒಂದು ಪೊರೆ ಹಿಂದುಮುಂದೆ ಚಲಿಸಿ ತಬಲೆಯ ಗುಮುಕನ್ನೂ ತಂಬೂರಿಯ ಝೇಂಕಾರವನ್ನೂ ಹೊರಡಿಸಬೇಕು. ಈ ಕೆಲಸ ಕಷ್ಟಸಾಧ್ಯವಾದುದರಿಂದ ಸ್ಪೀಕರು ಸ್ಪೀಕರುಗಳಲ್ಲಿರುವ ಭೇದವು ಕಣ್ಣು ಕಟ್ಟಿ ಕೂರಿಸಿದರೂ ಯಾರಿಗಾದರೂ ತಿಳಿಯುವಷ್ಟಿರುತ್ತದೆ.

ಕೋಣೆಯ ಪ್ರಭಾವವಂತೂ ಇನ್ನೂ ಹೆಚ್ಚು. ನಮ್ಮ ಮನೆಗಳಲ್ಲಿ ಹತ್ತು ಅಡಿಯ ಕೋಣೆ ಸಾಮಾನ್ಯ. ಅಂದರೆ ಸುಮಾರು ೩ ಮೀಟರು. ನಾದದ ವೇಗ ಸೆಕೆಂಡಿಗೆ ಸುಮಾರು ೩೪೩ ಮೀಟರು. ಇಂತಹ ಕೋಣೆಯ ಎದುರುಬದುರು ಗೋಡೆಗಳ ನಡುವೆ ಸೆಕೆಂಡಿಗೆ ಸುಮಾರು ೫೭ ಕಂಪನಗಳ ಮಂದ್ರನಾದವು ಸಿಕ್ಕಿಕೊಂಡು, ಗೋಡೆಯ ಬಳಿ ಭೋರ್ಗರೆಯುತ್ತದೆ, ಕೋಣೆಯ ನಡುವೆ ಬಹುಮಟ್ಟಿಗೆ ಅಡಗಿಹೋಗುತ್ತದೆ. ಅದೇ ಹಾಡು, ಅದೇ ಯಂತ್ರ. ಕುರ್ಚಿಯನ್ನು ಎರಡು ಅಡಿ ಸರಿಸಿದರೆ ಬೇರೆಯೇ ಆಗಿ ಕೇಳಿಸುತ್ತದೆ. ಟೈಲ್ಸಿನ ನೆಲ, ಬೋಳು ಗೋಡೆಗಳು ಮಾರ್ದನಿಯನ್ನು ಹೆಚ್ಚಿಸುತ್ತವೆ. ಜಮಖಾನೆ, ದಪ್ಪ ಪರದೆ, ಪುಸ್ತಕದ ಕಪಾಟು ಅದನ್ನು ತಗ್ಗಿಸುತ್ತವೆ. ಇವಕ್ಕೆ ತಗಲುವ ವೆಚ್ಚ ಅತ್ಯಲ್ಪ.

ಹೊರಗಿನ ಗದ್ದಲವನ್ನೂ ಮರೆಯುವಂತಿಲ್ಲ. ಭಾರತ ಸರಕಾರದ ೨೦೦೦ದ ಶಬ್ದ ಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ವಿಧಿಸಿದ ಮಿತಿ ಹಗಲಿನಲ್ಲಿ ೫೫ ಡೆಸಿಬೆಲ್, ರಾತ್ರಿಯಲ್ಲಿ ೪೫ ಡೆಸಿಬೆಲ್. ಕಿಟಕಿಗಳನ್ನು ಮುಚ್ಚಿ ನಾವು ಅದನ್ನು ೩೫ಕ್ಕೆ ಇಳಿಸಿದೆವೆಂದೇ ಇಟ್ಟುಕೊಳ್ಳೋಣ. ಸೀಡಿಯ ೧೬ ಬಿಟ್‌ಗಳು ಅತಿ ಮೆಲ್ಲನೆಯ ಸದ್ದಿಗೂ ಅತಿ ಗಟ್ಟಿಯಾದ ಸದ್ದಿಗೂ ನಡುವೆ ಸುಮಾರು ೯೬ ಡೆಸಿಬೆಲ್‌ಗಳ ಅಂತರವನ್ನು ಹಿಡಿಯಬಲ್ಲವು. ೩೫ಕ್ಕೆ ೯೬ನ್ನು ಕೂಡಿಸಿದರೆ ೧೩೧. ಅಷ್ಟು ಗಟ್ಟಿಯಾದ ಸದ್ದು ಕಿವಿಗೆ ನೋವನ್ನೇ ಉಂಟುಮಾಡುತ್ತದೆ. ಹೀಗಿರುವಾಗ, ಪಕ್ಕದಲ್ಲಿ ಲೋಕಲ್ ರೈಲು ಓಡುವ ಮನೆಯಲ್ಲಿ ೨೪ ಬಿಟ್‌ಗಳ ಸೂಕ್ಷ್ಮವನ್ನು ಹುಡುಕುವುದು ಜಾತ್ರೆಯಲ್ಲಿ ಪಿಸುಮಾತನ್ನು ಅರಸಿದಂತೆ.

ಕೋಣೆಯ ಮಹತ್ವವನ್ನು ಅರಿಯಬೇಕಾದವರು ನಮ್ಮ ನಗರದ ನರೀಮನ್ ಪಾಯಿಂಟಿನಲ್ಲಿರುವ ಟಾಟಾ ಥಿಯೇಟರನ್ನು ನೋಡಬೇಕು. ೧೯೮೦ರಲ್ಲಿ ಆರಂಭವಾದ, ಸುಮಾರು ಒಂದು ಸಾವಿರ ಆಸನಗಳುಳ್ಳ ಈ ಸಭಾಂಗಣದ ನಾದವ್ಯವಸ್ಥೆಯನ್ನು ಅಮೆರಿಕದ ಸಿರಿಲ್ ಹ್ಯಾರಿಸ್ ಎಂಬ ತಜ್ಞನು ರೂಪಿಸಿದನು. ಧ್ವನಿವರ್ಧಕದ ನೆರವಿಲ್ಲದೆಯೇ ನಮ್ಮ ದೇಶದ ಸಂಗೀತವು ಕೊನೆಯ ಸಾಲಿಗೂ ಮುಟ್ಟಬೇಕೆಂಬುದು ಅದರ ಉದ್ದೇಶ. ಅಲ್ಲಿ ಹಣವನ್ನು ಸುರಿದುದು ಗೋಡೆ, ಛಾವಣಿ, ಆಸನಗಳ ರಚನೆಗೆ. ನಾದಕ್ಕೆ ಕೋಣೆಯೇ ಎರಡನೆಯ ವಾದ್ಯವೆಂಬುದನ್ನು ಬಲ್ಲವರು ಮಾಡಿದ ಕೆಲಸವದು.

ದುಬಾರಿ ಸ್ಟ್ರೀಮರಿಗೆ ಹಣ ತೆರಲು ಪ್ರಾಮಾಣಿಕವಾದ ಕಾರಣಗಳೂ ಕೆಲವಿವೆ. ದೊಡ್ಡ ಅಕ್ಷರಗಳ ಪರದೆ, ಅಜ್ಜ ಅಜ್ಜಿಯರಿಗೂ ಸುಲಭವಾದ ಗುಂಡಿಗಳು, ಒಳಗೇ ಅಡಗಿಸಿದ ಆಂಪ್ಲಿಫೈಯರು, ಕೋಣೆಯ ದೋಷವನ್ನು ಅಳೆದು ಸ್ವಲ್ಪಮಟ್ಟಿಗೆ ತಿದ್ದುವ ವ್ಯವಸ್ಥೆ, ಕಣ್ಣಿಗೆ ಹಿತವಾದ ರೂಪ — ಇವುಗಳಿಗಾಗಿ ಉಳ್ಳವರು ತೆತ್ತರೆ ತಪ್ಪಿಲ್ಲ. ಆದರೆ ಒಂದನ್ನು ನೆನಪಿಡಬೇಕು. ಸ್ಟ್ರೀಮರೆಂದರೆ ಒಂದು ಗಣಕಯಂತ್ರ. ಅದು ಗಣಕಯಂತ್ರದಂತೆಯೇ ಬೇಗ ಮುದಿಯಾಗುತ್ತದೆ. ಗೂಗಲ್ ಕಂಪನಿಯು ೨೦೧೫ರಲ್ಲಿ ಹೊರತಂದ ಕ್ರೋಮ್‌ಕಾಸ್ಟ್ ಆಡಿಯೋ ಎಂಬ ಜನಪ್ರಿಯ ಸಾಧನದ ತಯಾರಿಕೆಯು ೨೦೧೯ರ ಹೊತ್ತಿಗೆ ನಿಂತುಹೋಯಿತು. ಲಾಜಿಟೆಕ್ ಕಂಪನಿಯ ಸ್ಕ್ವೀಜ್‌ಬಾಕ್ಸ್ ಯಂತ್ರಗಳ ತಯಾರಿಕೆಯು ೨೦೧೨ರಲ್ಲಿ ನಿಂತಿತು. ಆದರೆ ಅವುಗಳ ಸಾಫ್ಟ್‌ವೇರು ಎಲ್ಲರಿಗೂ ಮುಕ್ತವಾಗಿದ್ದುದರಿಂದ ಬಳಸುವವರೇ ಅದನ್ನು ಜೀವಂತವಾಗಿರಿಸಿದ್ದಾರೆ. ಒಳ್ಳೆಯ ಸ್ಪೀಕರಿಗಾದರೋ ಈ ಭಯವಿಲ್ಲ. ಜೋಪಾನ ಮಾಡಿದರೆ ಅದು ಇಪ್ಪತ್ತು ವರ್ಷ ನುಡಿದೀತು.

ಆದಕಾರಣ ನಮ್ಮ ಸಲಹೆ ಇಷ್ಟು. ಸಂಗೀತ ಸಾಧನಕ್ಕೆಂದು ಮನೆಯಲ್ಲಿ ಕೂಡಿಟ್ಟ ಹಣವನ್ನು ಹತ್ತು ಪಾಲು ಮಾಡಿದರೆ, ಆರು ಪಾಲು ಸ್ಪೀಕರಿಗೆ, ಮೂರು ಪಾಲು ಆಂಪ್ಲಿಫೈಯರಿಗೆ, ಒಂದು ಪಾಲು ಸ್ಟ್ರೀಮರಿಗೆ ಸಲ್ಲಲಿ. ಕೈಚಳಕವುಳ್ಳ ವಿದ್ಯಾರ್ಥಿಗಳು ಆ ಒಂದು ಪಾಲನ್ನೂ ಉಳಿಸಬಹುದು. ವಿದ್ಯಾರ್ಥಿಗಳು ಗಣಕವಿದ್ಯೆಯನ್ನು ಕಲಿಯಲೆಂದೇ ಬ್ರಿಟನ್ನಿನಲ್ಲಿ ರೂಪಿಸಿ ೨೦೧೨ರಲ್ಲಿ ಹೊರತಂದ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಗಣಕಕ್ಕೆ ಒಂದು ಡ್ಯಾಕನ್ನು ಜೋಡಿಸಿ, ಉಚಿತವಾಗಿ ದೊರೆಯುವ ಸಾಫ್ಟ್‌ವೇರನ್ನು ತುಂಬಿದರೆ ಅದೇ ಸ್ಟ್ರೀಮರಾಗುತ್ತದೆ. ಗ್ರಾಂಟ್ ರೋಡ್ ನಿಲ್ದಾಣದ ಸಮೀಪದ ಲ್ಯಾಮಿಂಗ್ಟನ್ ರಸ್ತೆಯಲ್ಲಿ ಇಂತಹ ಬಿಡಿಭಾಗಗಳ ಪೇಟೆಯೇ ಇದೆ. ಕೊಂಡು ತಂದ ಪೆಟ್ಟಿಗೆಗಿಂತ ಕೈಯಾರೆ ಕಟ್ಟಿದ ಪೆಟ್ಟಿಗೆಯು ಹೆಚ್ಚು ಪಾಠವನ್ನು ಕಲಿಸುತ್ತದೆ.

ಕಡೆಯದಾಗಿ ಒಂದು ಮಾತು. ಗದಗಿನ ಬಾಲಕ ಭೀಮಸೇನ ಜೋಶಿಯವರು ಉಸ್ತಾದ್ ಅಬ್ದುಲ್ ಕರೀಂ ಖಾನರ ಧ್ವನಿಮುದ್ರಿಕೆಯೊಂದನ್ನು ಕೇಳಿ ಮರುಳಾಗಿ, ಅಂತಹ ಗಾಯನವನ್ನು ಕಲಿಯಬೇಕೆಂದು ೧೯೩೩ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಮನೆಯನ್ನು ಬಿಟ್ಟು ಹೊರಟರು. ಅವರು ಕೇಳಿದುದು ಗರಗರ ಸದ್ದಿನ ನಡುವೆ ಮೂರು ನಿಮಿಷಗಳಷ್ಟೇ ನುಡಿಯುತ್ತಿದ್ದ ಅಂದಿನ ಗ್ರಾಮಫೋನ್ ತಟ್ಟೆಯನ್ನು. ಆ ಯಂತ್ರವು ಇಂದಿನ ಅತ್ಯಂತ ಅಗ್ಗದ ಸ್ಟ್ರೀಮರಿಗೂ ಸಮವಲ್ಲ. ಆದರೂ ಒಬ್ಬ ಮಹಾಗಾಯಕನನ್ನು ಎಚ್ಚರಿಸಲು ಅದು ಸಾಕಾಯಿತು. ನಮ್ಮ ಮನೆಗಳ ಕಪಾಟುಗಳಲ್ಲಿಯೂ ಹಳೆಯ ಕ್ಯಾಸೆಟ್ಟುಗಳು ಬಿದ್ದಿರಬಹುದು. ಒಂದರಲ್ಲಿ ಅಜ್ಜಿಯು ಹಾಡಿದ ಸೋಬಾನೆ, ಇನ್ನೊಂದರಲ್ಲಿ ಊರಿನ ಯಕ್ಷಗಾನದ ಭಾಗವತಿಕೆ. ಮುಂಬಯಿಯ ಮಳೆಗಾಲದ ತೇವಕ್ಕೆ ಅವು ಬೂಷ್ಟು ಹಿಡಿಯುತ್ತಿವೆ. ಜಗತ್ತಿನ ಯಾವ ಸಂಗೀತ ಸೇವೆಯೂ ಅವುಗಳನ್ನು ನಮಗೆ ಕಳಿಸಿಕೊಡಲಾರದು. ಸ್ಟ್ರೀಮರಿನಲ್ಲಿ ಉಳಿಸಿದ ಹಣದ ಒಂದಂಶದಿಂದ ಅವುಗಳನ್ನು ಅಂಕಿಗಳಿಗೆ ಇಳಿಸಿ, ಎರಡು ಮೂರು ಕಡೆ ಪ್ರತಿಗಳನ್ನು ಮಾಡಿ ಇರಿಸಿದರೆ, ಅದಕ್ಕಿಂತ ಸಾರ್ಥಕವಾದ ವೆಚ್ಚ ಮತ್ತೊಂದಿಲ್ಲ. ಈ ರಜೆಯಲ್ಲಿಯೇ ನಮ್ಮ ವಿದ್ಯಾರ್ಥಿಗಳು ಆ ಕೆಲಸಕ್ಕೆ ಕೈಯಿಕ್ಕುವರೆಂದು ನಾವು ಆಶಿಸುತ್ತೇವೆ.